ಮರಿಗೆ ಶೇಂಗಾ ಬೆಣ್ಣಿ

ಬೆಕ್ಕಿನ ಮರಿಯನ್ನು ಮನೆಗೆ ಸೇರಿಸುವಾಗ ನಮ್ಮ ಅತ್ತೆ ಶರಣವ್ವ ಒಂದು ಕರಾರು ಹಾಕಿದ್ದರು. ನಿತ್ಯ ಲಿಂಗಪೂಜೆಯ ಮನೆ, ಮಾಂಸ, ಮೀನು, ತತ್ತಿ ಒಳಗೆ ಬರಬಾರದು. ಇಲಿ ಕಚ್ಚಿಕೊಂಡು ಬಂದೀತೆಂದು ಮರಿಯೂ ಹೊರಗೆ ಹೋಗಬಾರದು. ಕಿಟಕಿಗಳಿಗೆಲ್ಲ ಜಾಳಿ ಬಡಿಸಿದರು. ಮಗಳು ಶಾಂಭವಿ ಎಲ್ಲದಕ್ಕೂ ಹೂಂ ಅಂದಳು.

ಹಾಲು ಕುಡಿದರೆ ಮರಿಗೆ ಭೇದಿ. ರೊಟ್ಟಿಯನ್ನು ಮೂಸಿ ಬಿಡುತ್ತಿತ್ತು. ಅತ್ತೆ ಕಲ್ಲು ಮನಸ್ಸಿನವರಲ್ಲ. ಶೇಂಗಾದಲ್ಲಿ ಮಾಂಸದಷ್ಟೇ ಸತ್ವ ಇದೆಯೆಂದು ಮೊಮ್ಮಗಳು ಓದಿ ಹೇಳಿದ್ದೇ ತಡ, ತಾವೇ ಹುರಿದು, ಸಿಪ್ಪೆ ಊದಿ, ಉಪ್ಪು ಬೆಲ್ಲ ಹಾಕದೆ ಎಣ್ಣೆ ಬಿಡುವವರೆಗೆ ರುಬ್ಬಿದರು. ಬೆರಳಿನಿಂದ ಮರಿಯ ಬಾಯಿಗೆ ಸವರಿದರು.

ನಮ್ಮ ಮನೆಯವರಿಗೆ ನಗು. "ಅವ್ವಾ, ಇದಕ್ಕ ಲಗೂನ ದೀಕ್ಷಾನೂ ಕೊಡಿಸಿಬಿಡು."

"ನಿನಗಿಂತ ಇದು ಛಲೋ ಐತಿ. ಹೋಟೆಲ್‌ನ್ಯಾಗ ನೀ ಏನ ತಿಂತಿ ಅಂತ ನನಗ ಗೊತ್ತಿಲ್ಲೇನು?"

ಮರಿ ನೆಕ್ಕುತ್ತಿತ್ತು. ಬೆಣ್ಣೆ ಅಂಗುಳಕ್ಕೆ ಅಂಟಿ ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿತ್ತು. ಬರಬರುತ್ತ ಅದರ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಪಕ್ಕದ ಮನೆಯ ಹಾಜರಾಬಿ ಹಿತ್ತಲಲ್ಲಿ ಮೀನು ತೊಳೆಯುವಾಗ ಜಾಳಿಗೆ ಮೂಗು ಒತ್ತಿ ಕೂಡುತ್ತಿತ್ತು. ಕೂಗುತ್ತಲೂ ಇರಲಿಲ್ಲ. ನಾನು ಪಾತ್ರೆ ತಿಕ್ಕುತ್ತ ಅದರ ಬೆನ್ನು ನೋಡುತ್ತಿದ್ದೆ.

ಕಾಯಿಪಲ್ಲೆ ತರುವ ನೆಪದಲ್ಲಿ, ಕೈಚೀಲದಲ್ಲೇ ಮರಿಯನ್ನಿಟ್ಟುಕೊಂಡು ದನದ ದವಾಖಾನೆಗೆ ಹೋದೆ. ಏನು ಹಾಕುತ್ತೀರಿ ಎಂದು ಡಾಕ್ಟರು ಕೇಳಿದರು. ಹೇಳಿದೆ.

"ಶೇಂಗಾ ಬೆಣ್ಣಿ ವಿಷ ಅಲ್ರಿ ಅಕ್ಕಾರ. ಒಂಚೂರು ನೆಕ್ಕಿದ್ರ ಏನೂ ಆಗಂಗಿಲ್ಲ. ಆದ್ರ ಅದು ಬೆಕ್ಕಿನ ಊಟ ಅಲ್ಲ, ಬರೇ ಜಿಡ್ಡು. ಗಂಟಲಕ್ಕ ಅಂಟಿದ್ರ ಉಸಿರ ಕಟ್ಟತೈತಿ. ಮಾಂಸ ಇಲ್ಲಂದ್ರ ಇದು ಉಳಿಯಂಗಿಲ್ಲ ನೋಡ್ರಿ."

ಮನೆಗೆ ಬಂದು ಅಷ್ಟನ್ನೂ ಅತ್ತೆಗೆ ಹೇಳಿದೆ. ಅವರು ಹುರಿದ ಶೇಂಗಾದ ಸಿಪ್ಪೆ ಊದುತ್ತಲೇ ಕೇಳಿಸಿಕೊಂಡರು.

"ಮಾಂಸಾ ತಿಂದ ಬಾಯಿ ನನ್ನ ಮನ್ಯಾಗ ಬ್ಯಾಡವಾ. ಇನ್ನೊಂದೀಟು ನುಣ್ಣಗ ರುಬ್ಬತೇನಿ."

ಶಾಂಭವಿ ಮರಿಯನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದಳು. ಈ ಮನೆಗೆ ಬಂದಾಗಿನಿಂದ ಅತ್ತೆಗೆ ಎದುರಾಡಿದವಳಲ್ಲ ನಾನು. ಆಗಲೂ ಆಡಲಿಲ್ಲ. ಹಿತ್ತಲಿಗೆ ಹೋಗಿ, ಗೋಡೆಯಾಚೆ ಮೀನು ತೊಳೆಯುತ್ತಿದ್ದ ಹಾಜರಾಬಿಯನ್ನು ಕರೆದೆ.

"ಹಾಜರಾಬಿ, ಇದನ್ನ ನೀವ ಸಾಕ್ತೀರೇನ್ರಿ?"

"ಕೊಡ್ರಿ ಅಕ್ಕಾ. ನಮ್ಮನ್ಯಾಗ ಮೀನಿನ ತಲಿ ತಿನ್ನಾವ್ರು ಯಾರೂ ಇಲ್ಲ."

ಮಗಳ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು. ಮರಿಯನ್ನು ಗೋಡೆಯಾಚೆ ಕೊಟ್ಟೆ. ಅದು ತಿರುಗಿಯೂ ನೋಡದೆ ಮೀನಿನ ಮೇಲೆ ಬಿತ್ತು.

"ಅವ್ವಾ, ನಾ ದಿನಾ ಅಲ್ಲಿಗೆ ಹೋಗ್ಲೇನು?"

ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಹೋಗು," ಅಂದೆ. "ಬಂದಮ್ಯಾಲ ಕೈಕಾಲು ತೊಳಕೊಂಡು ಒಳಗ ಬಾ."

ಅವಳು ಓಡಿದಳು. ನಾನು ಬೇಳೆ ನೋಡಲು ಒಲೆಯ ಕಡೆ ತಿರುಗಿದೆ. ಅತ್ತೆ ಹಿಂದೆಯೇ ಬಂದರು.

"ತಿಂತೇನು ಅದು?"

"ತಿಂತ್ರಿ ಅತ್ತಿ."

"ಹೊಟ್ಟಿ ತುಂಬ?"

ಹೂಂ ಅಂದೆ. ಅವರು ದೇವರ ಕೋಣೆಗೆ ಹೋದರು.