ಕೋಸಿನ ಎಲೆಯಡಿಯ ಬಿಳಿ ಬೂಸ್ಟು

ಕೋಸಿನ ಎಲೆ ಮಗುಚಿದರೆ ಸಾಕು, ಅಡಿಯೆಲ್ಲ ಹೇನು. ರಸ ಹೀರಿ ಎಲೆಗಳನ್ನು ಮುದುರಿಸಿಬಿಟ್ಟಿದ್ದವು. ಹೇನು ಬಂದಾಗಲೆಲ್ಲ ಆ ಮನೆಯಲ್ಲಿ, ಊರೆಲ್ಲ ಔಷಧಿ ಎನ್ನುವ ವಿಷದ ಪಂಪು ಏರುತ್ತಿದ್ದದ್ದು ಹೆಂಡತಿಯ ಬೆನ್ನಿಗೆ. ಗಂಡ ಟೆಂಪೊ ಓಡಿಸುವವನು, ಪುರುಸೊತ್ತಿಲ್ಲ. ಅದರ ಹಿಂದಿನ ಬೆಳೆಯ ಹೊತ್ತಿಗೇ ಅವಳಿಗೆ ಉಸಿರು ಕಟ್ಟತೊಡಗಿತು. ವಿಷದ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ವಿಷಯ ತಿಳಿದು ಅವಳ ಅಕ್ಕ ಒಂದು ಪೊಟ್ಟಣ ಹಿಡಿದು ಬಂದಳು. ಅವಳೂ ತರಕಾರಿ ಬೆಳೆಯುವವಳೇ.

“ಇದು ಹೇನು ಕೊಲ್ಲೋ ಬೂಸ್ಟಿನ ಪುಡಿ.”

ಗಂಡ ಮೂಗು ಮುರಿದ. “ಬ್ರೆಡ್ಡಿಗೆ ಬೂಸ್ಟು ಬಂದ್ರೆ ನಾವು ಬಿಸಾಕ್ತೀವಿ. ನೀವು ನೋಡಿದ್ರೆ ಅಂಗಡಿಯಿಂದ ಕೊಂಡ್ಕೊಂಡು ಬಂದಿದ್ದೀರಲ್ಲ ಅಕ್ಕ.”

“ತಮಾಷೆ ಆಮೇಲೆ ಮಾಡು, ಮೊದ್ಲು ಕೇಳು. ಇದು ಹೇನಿನ ಮೈಗೆ ಅಂಟಿ ಒಳಗೆ ಬೆಳೆಯುತ್ತೆ. ಗಿಡಕ್ಕೇನೂ ಆಗಲ್ಲ. ಬಿಸಿಲು ಇಳಿದ ಮೇಲೆ ನೀರಲ್ಲಿ ಕಲಸಿ ಎಲೆ ಅಡಿಗೆ ತಾಗೋ ಹಾಗೆ ಹೊಡೀಬೇಕು. ವಿಷದ ಹಾಗೆ ನಾಳೆಗೇ ಸಾಯಲ್ಲ, ಒಂದು ವಾರ ತಡ್ಕೋ. ಹೇನಿನ ಮೇಲೆ ಹತ್ತಿ ಥರ ಬೆಳ್ಳಗೆ ಕಂಡ್ರೆ ಕೆಲ್ಸ ಆಗ್ತಿದೆ ಅಂತ ಅರ್ಥ. ಆಗ ಬೇರೆ ಔಷಧಿ ಹೊಡೀಬೇಡ.”

ಅವನು ಹೂಂ ಹೂಂ ಎನ್ನುತ್ತ ಮೊಬೈಲು ನೋಡುತ್ತಿದ್ದ. ಸಂಜೆ ಅಕ್ಕನೇ ಪಂಪು ತೊಳೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊಡೆದು ಹೋದಳು.

ವಾರ ತುಂಬುವ ಮೊದಲೇ ಎಲೆಯಡಿಯ ಹೇನುಗಳ ಮೇಲೆ ಬಿಳಿ ಬೂಸ್ಟು ಕಾಣಿಸಿಕೊಂಡಿತು. ಎಷ್ಟೋ ದಿನಗಳ ಮೇಲೆ ಹೆಂಡತಿ ನಕ್ಕಳು. ಗಂಡ ಹೌಹಾರಿದ.

“ಬೆಳೆಗೆ ರೋಗ ಹತ್ತಿಸಿ ಹೋದ್ರು ನಿಮ್ಮಕ್ಕ.”

“ರೋಗ ಬಂದಿರೋದು ಹೇನಿಗೆ ರೀ, ಕೋಸಿಗಲ್ಲ. ಎರಡು ದಿನ ಸುಮ್ನಿರಿ.”

ಹೆಂಡತಿ ಹೇಳಿದಳೆಂದು ಸುಮ್ಮನಿರುವ ಜಾಯಮಾನ ಅವನದಲ್ಲ. ಅಂಗಡಿಗೆ ಓಡಿ ಬೂಸ್ಟು ರೋಗದ ಔಷಧಿ ತಂದು ಹೊಲವೆಲ್ಲ ಹೊಡೆದ. ಅದಕ್ಕೆ ಮಾತ್ರ ಪುರುಸೊತ್ತಿತ್ತು. ಬೂಸ್ಟು ಸತ್ತಿತು. ಅಳಿದುಳಿದ ಹೇನು ಮತ್ತೆ ಮುತ್ತಿಕೊಂಡಿತು. ಆಗ ವಿಷದ ಡಬ್ಬಿಯನ್ನು ಅವಳ ಮುಂದಿಟ್ಟ.

“ಇದೊಂದೇ ಸಲ. ನಾನು ಬಾಡಿಗೆಗೆ ಹೋಗ್ಬೇಕು.”

ಅವಳು ಹೊಡೆದಳು. ಸಂಜೆ ಅವನು ಬಂದಾಗ ಬದುವಿನ ಮೇಲೆ ಬಿದ್ದಿದ್ದಳು. ಪಂಪು ಇನ್ನೂ ಬೆನ್ನಿನಲ್ಲೇ ಇತ್ತು.

ಜೀವ ಉಳಿಯಿತು, ಉಸಿರು ಮೊದಲಿನಂತಾಗಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ ಬರಲೂ ಗೋಡೆ ಹಿಡಿದು ನಿಲ್ಲುತ್ತಾಳೆ. ಈ ಸಲದ ಬೆಳೆಗೆ ಗಂಡ ತಾನೇ ಹೋಗಿ ಬೂಸ್ಟಿನ ಪುಡಿ ತಂದ, ತಾನೇ ಪಂಪು ಹೊತ್ತ. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದ.

“ಎಲೆ ಅಡಿಗೆ ಹೊಡೀಬೇಕು, ಅಲ್ವಾ?”

“ಅಕ್ಕ ಅವತ್ತೇ ಹೇಳಿದ್ಲು” ಎಂದಳು. ಇನ್ನೊಂದು ಮಾತಿಗೆ ಅವಳಲ್ಲಿ ಉಸಿರೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ತರಕಾರಿ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಹೇನು ಕಂಡ ಕೂಡಲೇ ವಿಷಕ್ಕೆ ಕೈ ಹಾಕಬೇಡಿ. ಹೇನು ಕೊಲ್ಲುವ ಬೂಸ್ಟಿನ ಬಗ್ಗೆ ಕೃಷಿ ಕಚೇರಿಯಲ್ಲಿ ಕೇಳಿ. ಪೊಟ್ಟಣವನ್ನು ತಂಪಾದ ನೆರಳಿನಲ್ಲಿಡಿ, ಸಂಜೆ ಹೊಡೆಯಿರಿ, ಬಿಳಿ ಬೂಸ್ಟು ಕಂಡರೆ ಅದರ ಪಾಡಿಗೆ ಬಿಡಿ. ಒಂದು ವಾರ ಕಾಯಲಾರದೆ ಆ ಮನೆ ಕಳೆದುಕೊಂಡದ್ದನ್ನು ಯಾವ ಬೆಳೆಯೂ ತಂದುಕೊಡುವುದಿಲ್ಲ. ಇವತ್ತೇ ಒಮ್ಮೆ ನೋಡಿ, ನಿಮ್ಮ ಮನೆಯ ಪಂಪು ಯಾರ ಬೆನ್ನ ಮೇಲಿದೆ ಅಂತ.