ಮುಳ್ಳುಬೇಲಿಯೊಳಗೆ ಬಂದದ್ದು

ಚಳ್ಳಕೆರೆ ದಾರಿಯ ಆ ಗೊಲ್ಲರಹಟ್ಟಿಗೆ ಸುತ್ತಲೂ ಮುಳ್ಳುಬೇಲಿ. ಒಳಗೆ ದೇವರಿದ್ದಾನೆಂದು ಚಪ್ಪಲಿಯನ್ನು ಹೊರಗೇ ಬಿಡಬೇಕು. ಮುಟ್ಟಾದ ಹೆಂಗಸು ಬೇಲಿಯಾಚೆಯ ಗುಡಿಸಲಿಗೆ ಹೋಗಬೇಕು. ಗಂಗಲಕ್ಷ್ಮಿಯ ಗಂಡ ಬಾಲರಾಜ್ ಮಾತ್ರ ಬೆಳೆಗೆ ಔಷಧಿ ಹೊಡೆಯುವ ಕ್ಯಾನನ್ನು ಬೆನ್ನಿಗೇರಿಸಿಕೊಂಡು, ತೊಯ್ದ ಅಂಗಿಯಲ್ಲೇ ಒಳಗೆ ಬರುತ್ತಿದ್ದ. ಚಪ್ಪಲಿ ಬಿಟ್ಟು ಬರುತ್ತಿದ್ದನಲ್ಲ, ಯಾರೂ ಚಕಾರವೆತ್ತುತ್ತಿರಲಿಲ್ಲ.

ಏಕಾಂತಪ್ಪನವರ ದಾಳಿಂಬೆ ತೋಟಕ್ಕೆ ಔಷಧಿ ಹೊಡೆಯುವುದೇ ಅವನ ಕೂಲಿ. ಬರಿಗೈಯಲ್ಲೇ ಕಲಸುತ್ತಿದ್ದ. ಮೊದಮೊದಲು ತಲೆನೋವು, ವಾಂತಿ ಎಂದ. ಆಮೇಲೆ ನಿದ್ದೆ ಹೋಯಿತು. ಕೈ ನಡುಗಿ ಮುದ್ದೆ ಮುರಿಯಲಾಗದೆ ತಟ್ಟೆ ತಳ್ಳಿಬಿಡುತ್ತಿದ್ದ. ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಗೋಡೆ ನೋಡುತ್ತ ಕೂರತೊಡಗಿದ. ಕೊನೆಗೊಮ್ಮೆ, "ಬದುಕೋದೇ ಬ್ಯಾಡ ಅನ್ನಿಸ್ತೈತೆ ಕಣೆ" ಅಂದ. ಗಂಗಲಕ್ಷ್ಮಿ ಅದನ್ನು ಮಾವನಿಗೆ ಹೇಳಿದಳು.

ಮಾವ ಚಿಕ್ಕೀರಪ್ಪ ಹಟ್ಟಿಗೆಲ್ಲ ಹಿರಿಯ. ಯಾರೋ ಹೆಂಗಸು ಮೈಲಿಗೆಯಲ್ಲಿ ಬೇಲಿ ದಾಟಿರಬೇಕು, ಹಟ್ಟಿಯ ದೇವರು ಜುಂಜಪ್ಪ ಸಿಟ್ಟಾಗಿದ್ದಾನೆ ಎಂದು ತೀರ್ಪು ಕೊಟ್ಟ. ಹೆಸರು ಹೇಳದಿದ್ದರೂ ನೋಡಿದ್ದು ಸೊಸೆಯನ್ನೇ. ಅವಳು ಅವಮಾನವನ್ನು ನುಂಗಿಕೊಂಡು ಮರುದಿನವೇ ಗಂಡನನ್ನು ಚಳ್ಳಕೆರೆಯ ಬಸ್ಸು ಹತ್ತಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು ಅವನ ಕೆಲಸವೇನೆಂದು. ಆ ವಿಷ ಚರ್ಮದಿಂದಲೂ ಮೈಗೆ ಇಳಿಯುತ್ತದೆ, ಮನಸ್ಸನ್ನೂ ಕೆಡಿಸಬಲ್ಲದು ಎಂದರು. ಕೆಲಸ ಬಿಡಿಸಿ, ಮಾತ್ರೆ ತಪ್ಪಿಸಬೇಡಿ, ವಿಷದ ಸಾಮಾನು ಮನೆಯಲ್ಲಿಡಬೇಡಿ, ಎಲ್ಲಕ್ಕಿಂತ ಹೆಚ್ಚಾಗಿ ಅವನೊಬ್ಬನನ್ನೇ ಬಿಡಬೇಡಿ ಎಂದು ಒತ್ತಿ ಹೇಳಿದರು.

ಬಸ್ಸಿಳಿಯುವ ಹೊತ್ತಿಗೆ ಗಂಗಲಕ್ಷ್ಮಿ ಮುಟ್ಟಾಗಿದ್ದಳು. ಹಾಳಾದ್ದು ಇವತ್ತೇ ಬರಬೇಕಿತ್ತೇ! ಬೇಲಿಯ ಬಾಗಿಲಲ್ಲಿ ಕೂತಿದ್ದ ಮಾವನಿಗೆ ಡಾಕ್ಟರಮ್ಮನ ಮಾತನ್ನೂ ತನ್ನ ಸ್ಥಿತಿಯನ್ನೂ ಮುಚ್ಚಿಡದೆ ಹೇಳಿದಳು. ಬೆಳಕು ಹರಿದರೆ ಮಾವ ಕುರಿಯ ಹಿಂದೆ ಹೋಗುವವನು, ಮನೆಯಲ್ಲಿ ಬಾಲರಾಜ್ ಒಬ್ಬನೇ ಉಳಿಯುತ್ತಾನೆ. ಆದರೂ ಗುಡಿಸಲಿನ ಕಡೆ ಕೈ ತೋರಿಸಿ, ಮಗನನ್ನು ದೇವರು ನೋಡಿಕೊಳ್ಳುತ್ತಾನೆ ಎಂದ.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಗಂಡನನ್ನು ಮಾವನ ಬಳಿ ನಿಲ್ಲಿಸಿ, ಚಪ್ಪಲಿ ಬಿಟ್ಟು ನೇರ ಒಳಗೆ ನಡೆದಳು. ಮನೆಯ ದೇವರ ಗೂಡಿನ ಪಕ್ಕದ ಗೂಟದಿಂದ ಕ್ಯಾನನ್ನೂ ಅಂಗಿಯನ್ನೂ ಕೋಲಿಗೆ ಸಿಕ್ಕಿಸಿ ತಂದು ಮಾವನ ಮುಂದಿಟ್ಟಳು.

"ನಾನು ಒಳಗೆ ಬಂದ್ರೆ ದೇವ್ರು ಸಿಟ್ಟಾಗ್ತಾನೆ ಅಂತೀರಿ. ಇದು ದೇವ್ರ ಪಕ್ಕದಾಗೇ ನೇತಾಡ್ತಿತ್ತಲ್ಲ ಮಾವ. ನಿಮ್ಮ ಮಗನ್ನ ತಿಂದಿದ್ದು ಯಾವುದು, ನೀವೇ ಹೇಳ್ರಿ."

ಮಕ್ಕಳ ಕೈಗೆ ಸಿಗದಿರಲೆಂದು ಆ ಗೂಟ ಹೊಡೆದವನು ಚಿಕ್ಕೀರಪ್ಪನೇ. ಅವನು ಕ್ಯಾನನ್ನು ನೋಡಿದ. ಮಗನ ಕೈ ನೋಡಿದ, ಅದು ನಡುಗುತ್ತಲೇ ಇತ್ತು. ಮುದುಕನ ಕಣ್ಣು ತುಂಬಿತು. ಎದ್ದು, ಕ್ಯಾನು ಸಿಕ್ಕಿಸಿದ ಕೋಲನ್ನು ಹಿಡಿದುಕೊಂಡು, ಅದನ್ನು ವಾಪಸು ಕೊಡಲು ಏಕಾಂತಪ್ಪನವರ ತೋಟದ ಕಡೆ ಹೊರಟ. ನಾಲ್ಕು ಹೆಜ್ಜೆ ಹೋಗಿ ನಿಂತ.

"ಒಳಗೆ ನಡಿಯವ್ವ. ಹುಡುಗ ಒಬ್ನೇ ಆಗ್ತಾನೆ. ದೇವ್ರಿಗೆ ನಾನು ಹೇಳ್ಕೊಂತೀನಿ."

ಗಂಗಲಕ್ಷ್ಮಿ ಗಂಡನ ಕೈ ಹಿಡಿದು ಬೇಲಿ ದಾಟಿದಳು.