ಜೆಮ್‌ಜೆಮ್ ಕೊಟ್ಟ ಕೆಂಡದೊಲೆ

ಸೌದಿ ಎಂದರೆ ಮರಳು, ಮರಳು ಎಂದರೆ ಸೆಕೆ. ಕಲ್ಯಾಣಪುರದ ಪೆಟ್ರೊನಿಲ್ಲಾ ಹಾಗೆಯೇ ತಿಳಿದಿದ್ದಳು. ಅದಕ್ಕೇ ಗಂಡನ ಬಳಿಗೆ ಹೊರಡುವಾಗ ಪೆಟ್ಟಿಗೆಯಲ್ಲಿ ಹತ್ತಿ ಸೀರೆ, ಬೆವರುಸಾಲೆಯ ಪೌಡರು, ಮಿಡಿ ಉಪ್ಪಿನಕಾಯಿ, ಒಂದು ಬೀಸಣಿಗೆ ಎಲ್ಲ ತುಂಬಿದ್ದಳು. ಸ್ವೆಟರ್ ಮಾತ್ರ ಇರಲಿಲ್ಲ. ಬಂದು ಇಳಿದದ್ದು ನೋಡಿದರೆ ಖಮೀಸ್ ಮುಶೈತ್‌ಗೆ. ಅದು ಬೆಟ್ಟದ ಮೇಲಿನ ಊರು. ಡಿಸೆಂಬರ್ ಬಂತೆಂದರೆ ಮಂಜು ಕಿಟಕಿಯವರೆಗೆ ಬಂದು ನಿಲ್ಲುತ್ತದೆ, ಮಳೆಯ ಜೊತೆ ಆಲಿಕಲ್ಲೂ ಬೀಳುತ್ತದೆ. ಇದು ಎಂಬತ್ತರ ದಶಕದ ಮಾತು.

ಗಂಡ ಸಲ್ವಾದೋರ್ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅವರಿಗೆ ಸಿಕ್ಕ ಮನೆ ದೊಡ್ಡ ಗೋಡೆಯೊಳಗಿನ ಅಂಗಳದಲ್ಲಿ ಒಂದೇ ಒಂದು ಕಾಂಕ್ರೀಟ್ ಕೋಣೆ. ಅಡಿಗೆಕೋಣೆ ಅಂಗಳದ ಆಚೆ ಬದಿಗೆ. ಎಲೆಕ್ಟ್ರಿಕ್ ಹೀಟರ್ ಹಾಕಿದರೆ ಇಡೀ ಅಂಗಳದ ಫ್ಯೂಸ್ ಹಾರುತ್ತಿತ್ತು. ಕೈಗೂಸು ಬ್ಲಾಂಚ್‌ಗೆ ಸುತ್ತಿದ ಬಟ್ಟೆ ಎಷ್ಟೆಂದರೆ, ಒಳಗೆ ಮಗು ಎಲ್ಲಿದೆ ಎಂದು ಹುಡುಕಬೇಕು. ಮಗುವಿನ ಮೂಗು ಆಗಲೂ ತಣ್ಣಗೇ ಇರುತ್ತಿತ್ತು. ಪೆಟ್ರೊನಿಲ್ಲಾಳಿಗೆ ಅದೇ ಹೆದರಿಕೆ.

ಅಂಗಳದ ಎದುರು ಬದಿಯಲ್ಲಿದ್ದವಳು ಜೆಮ್‌ಜೆಮ್. ಆಫ್ರಿಕಾದ ಎರಿಟ್ರಿಯದವಳು. ಅಲ್ಲಿ ಯುದ್ಧ ನಡೆಯುತ್ತಿತ್ತು. ಗಂಡ ಇದ್ರಿಸ್ ಜೊತೆ ಸಮುದ್ರ ದಾಟಿ ಬಂದಿದ್ದಳು. ಶುಕ್ರವಾರ ಮಧ್ಯಾಹ್ನ ಕಳೆದರೆ ಸಾಕು, ಅವಳ ಮನೆಗೆ ಜನ ಬರಲು ಶುರು. ಎರಿಟ್ರಿಯದವರು, ಸೂಡಾನಿನವರು, ಸೊಮಾಲಿಯದ ಒಬ್ಬ ಮುದುಕಿ. ತೆಳ್ಳನೆಯ ಬಣ್ಣಬಣ್ಣದ ಬಟ್ಟೆ ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡ ಹೆಂಗಸರು ಬಂದು ಕೂತರೆ, ನಗು ಅಂಗಳ ದಾಟಿ ಪೆಟ್ರೊನಿಲ್ಲಾಳ ಅಡಿಗೆಕೋಣೆಗೇ ಬರುತ್ತಿತ್ತು. ಜೊತೆಗೆ ಏನನ್ನೋ ಹುರಿಯುವ ಪರಿಮಳ. ಒಮ್ಮೊಮ್ಮೆ ಟೇಪ್ ರೆಕಾರ್ಡರಿನಲ್ಲಿ ಯಾರೋ ಮಾತಾಡುತ್ತಿದ್ದರು, ಎಲ್ಲರೂ ನಗುತ್ತಿದ್ದರು, ಆಮೇಲೆ ಎಲ್ಲರೂ ಅಳುತ್ತಿದ್ದರು. ಎಂತದದು? ಪೆಟ್ರೊನಿಲ್ಲಾಳಿಗೆ ತಡೆಯಲಾಗಲಿಲ್ಲ.

"ನಿನಗಿಂತ ಮೊದ್ಲು ನಿನ್ನ ಮೂಗು ಹೋಗ್ತದೆ ಮಾರಾಯ್ತಿ" ಎಂದು ಸಲ್ವಾದೋರ್ ತಮಾಷೆ ಮಾಡಿದ. "ಅವರ ಕಾಫಿ ಅವರು ಕುಡೀಲಿ, ನಮಗೆಂತ?"

"ನಮ್ಮ ಅಂಗಳ ಅಲ್ವಾ? ಕೇಳಿದ್ರೆ ತಪ್ಪೆಂತ?" ಎಂದು ಅವಳು ಮಗುವನ್ನು ಎತ್ತಿಕೊಂಡು ಹೋಗಿಯೇ ಬಿಟ್ಟಳು.

ಜೆಮ್‌ಜೆಮ್ ನೆಲದ ಮೇಲೆ ಹಸಿರು ಹುಲ್ಲು ಹಾಸಿದ್ದಳು. ನಡುವೆ ಪುಟ್ಟ ಮಣ್ಣಿನ ಕೆಂಡದೊಲೆ. ಅದರ ಮೇಲೆ ಹಸಿ ಕಾಫಿ ಬೀಜ ಹುರಿದು, ಆ ಹೊಗೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದಳು. ನಮ್ಮಲ್ಲಿ ಧೂಪ ಹಿಡಿದಂತೆ ಎಂದು ಪೆಟ್ರೊನಿಲ್ಲಾ ಅಂದುಕೊಂಡಳು. ಕಾಫಿಯ ಜೊತೆ ಹುರಿದ ಜೋಳದ ಅರಳು. ಟೇಪಿನಲ್ಲಿದ್ದದ್ದು ಊರಿಂದ ಬಂದ ಕ್ಯಾಸೆಟ್. ಜೆಮ್‌ಜೆಮ್‌ಳ ತಾಯಿ ಮಾತಾಡಿ ಕಳಿಸಿದ್ದು. ಪೆಟ್ರೊನಿಲ್ಲಾ ಕಿವಿಗೊಟ್ಟು ಕೂತಳು. ಅವಳ ತಲೆದಿಂಬಿನ ಕೆಳಗೂ ಅಮ್ಮನ ಒಂದು ಕ್ಯಾಸೆಟ್ ಇತ್ತು.

ಒಂದು ವಿಷಯ ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಹೊರಗೆ ಅಷ್ಟು ಚಳಿ, ಬಾಗಿಲು ಮಾತ್ರ ಹಾರು ಹೊಡೆದಿತ್ತು. ಪಾಪ, ಮರೆತಿರಬೇಕು ಎಂದು ಪೆಟ್ರೊನಿಲ್ಲಾ ಎದ್ದು ಬಾಗಿಲು ಹಾಕಿದಳು. ಎಲ್ಲರೂ ನಕ್ಕರು. ಜೆಮ್‌ಜೆಮ್ ಎದ್ದು ಮತ್ತೆ ತೆರೆದಳು.

ಅವರಿಬ್ಬರ ಮಾತು ಅರ್ಧ ಅರಬಿ, ಅರ್ಧ ಕೈಸನ್ನೆ. "ಉಖ್ತಿ" ಎಂದಳು ಜೆಮ್‌ಜೆಮ್. ಉಖ್ತಿ ಎಂದರೆ ತಂಗಿ. "ಕಾಫಿ ಮಾಡುವಾಗ ಬಾಗಿಲು ಹಾಕಿದರೆ ನೆರೆಯವರು ಬರುವುದು ಹೇಗೆ? ಬಾಗಿಲು ಹಾಕಿ ಕಾಫಿ ಮಾಡುವವಳು ಜಿಪುಣಿ."

ಅಷ್ಟರಲ್ಲಿ ಆ ಸೊಮಾಲಿಯ ಮುದುಕಿ ಬಂದಿಲ್ಲ ಎಂದು ಯಾರೋ ಹೇಳಿದರು. ಜೆಮ್‌ಜೆಮ್ ಕಾಫಿ ಬಸಿಯುವುದನ್ನು ಅಲ್ಲಿಗೇ ಬಿಟ್ಟು ಮಳೆಯಲ್ಲಿ ಓಡಿದಳು. ಮುದುಕಿಗೆ ಜ್ವರ ಬಂದಿತ್ತು. ಕೈಹಿಡಿದು ಕರೆತಂದು ನಡುವೆ ಕೂರಿಸಿದ ಮೇಲೆಯೇ ಕಾಫಿ.

"ಬಾರದಿದ್ರೆ ಬಿಡ್ಬಹುದಲ್ಲ?" ಎಂದು ಪೆಟ್ರೊನಿಲ್ಲಾ ಕೇಳಿದಳು.

"ಇಲ್ಲಿ ನಮಗೆ ಅಪ್ಪ ಅಮ್ಮ ಇಲ್ಲ. ನಾವು ಕರೆದವರು ಬಾರದಿದ್ದರೆ ನಾವೇ ಹೋಗಿ ನೋಡಬೇಕು. ಬೇರೆ ಯಾರು ನೋಡುತ್ತಾರೆ?"

ಹೊರಡುವಾಗ ಪೆಟ್ರೊನಿಲ್ಲಾಳ ಕಣ್ಣು ಕೆಂಡದೊಲೆಯ ಮೇಲೇ ಇದ್ದದ್ದನ್ನು ಕಂಡು ಜೆಮ್‌ಜೆಮ್ ಇನ್ನೊಂದು ಒಲೆ ತಂದು ಅವಳ ಕೈಯಲ್ಲಿಟ್ಟಳು. ಇಟ್ಟುಕೋ ತಂಗಿ, ನೀನೂ ಕಾಫಿ ಮಾಡು.

ಪೆಟ್ರೊನಿಲ್ಲಾಳಿಗೆ ಹಿಡಿಸಲಾರದ ಸಂತೋಷ. ಒಲೆಯೇನೋ ಮನೆಗೆ ಬಂತು. ತೆರೆದ ಬಾಗಿಲು ಮಾತ್ರ ಬರಲಿಲ್ಲ.

ಅವರು ಕಾಫಿ ಮಾಡಲಿಲ್ಲ, ಚಳಿ ಕಾಯಿಸಿಕೊಂಡರು. ಸಲ್ವಾದೋರ್‌ಗೂ ಹುರುಪು ಬಂತು. ಕಿಟಕಿಯ ಏಸಿಯ ಸುತ್ತಲಿನ ಸಂದಿಗೆ ಹಳೇ ಪೇಪರ್ ತುರುಕಿದ. ಬಾಗಿಲಿನ ಅಡಿಗೆ ಕಂಬಳಿ ಸುತ್ತಿ ಒತ್ತಿದ. "ಈಗ ನೋಡು, ಗಾಳಿಯ ಅಪ್ಪ ಬಂದ್ರೂ ಒಳಗೆ ಬರ್ಲಿಕ್ಕಿಲ್ಲ" ಎಂದ. ಕೋಣೆ ಬೆಚ್ಚಗಾಯಿತು. ಬ್ಲಾಂಚಳ ಮೂಗೂ ಬೆಚ್ಚಗಾಯಿತು. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದು ಗಂಡಹೆಂಡತಿ ಬೀಗಿದರು.

ಒಂದು ಸಂಜೆ ಡೊರೊತಿ ಬಂದಳು. ಅವರ ಊರಿನ ಹುಡುಗಿ, ಖಮೀಸ್‌ನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಬಂದವಳು ಚಾ ಕುಡಿದು ಸ್ವಲ್ಪ ಹೊತ್ತಾಗುವಾಗ ಹಣೆ ಒತ್ತಿಕೊಂಡಳು.

"ಪೆಟ್ರೊನಿಲ್ಲಕ್ಕ, ನಿಮಗೆ ತಲೆನೋವು ಉಂಟಾ?"

"ಉಂಟು ಮಾರಾಯ್ತಿ. ಈಗ ದಿನಾ ಬೆಳಿಗ್ಗೆ ಎದ್ದ ಕೂಡ್ಲೆ."

"ಅಣ್ಣನಿಗೆ?"

"ಅವರಿಗೂ. ಆಫೀಸಿಗೆ ಹೋದ ಮೇಲೆ ಬಿಡ್ತದಂತೆ."

"ಮಗು ಹೇಗಿದೆ?"

"ಹಾಲು ಕುಡಿಯುವಾಗ್ಲೇ ನಿದ್ದೆ ಹೋಗ್ತಾಳೆ. ಒಳ್ಳೇ ಮಗು, ಎಂತ ಉಪದ್ರವೂ ಇಲ್ಲ."

ಡೊರೊತಿಯ ಮುಖ ಸಣ್ಣದಾಯಿತು. ಮಂಚದ ಪಕ್ಕದ ಒಲೆಯನ್ನು ನೋಡಿದಳು, ಪೇಪರ್ ತುರುಕಿದ ಕಿಟಕಿಯನ್ನು ನೋಡಿದಳು. "ಮನೆಯಲ್ಲಿ ಇರುವಾಗ ಎಲ್ಲರಿಗೂ ನೋವು, ಹೊರಗೆ ಹೋದ್ರೆ ಇಲ್ಲ. ಇದು ತಲೆಯ ಕಾಯಿಲೆ ಅಲ್ಲ ಅಕ್ಕ, ಕೋಣೆಯ ಕಾಯಿಲೆ. ಈ ಕೆಂಡ ಹೊರಗೆ ಇಡಿ."

ಸಲ್ವಾದೋರ್ ನಕ್ಕ. "ಹೊಗೆ ಎಲ್ಲುಂಟು ತೋರಿಸು ನೋಡುವಾ. ಹೊಗೆ ಹೋಗಿ ನಿಗಿನಿಗಿ ಕೆಂಡ ಆದ ಮೇಲೆಯೇ ನಾನು ಒಳಗೆ ತರೂದು."

"ಹೊಗೆ ಕಂಡಿದ್ರೆ ನೀವೇ ಓಡಿ ಹೋಗ್ತಿದ್ರಿ ಸಲ್ವಾದೋರಣ್ಣ. ಇದು ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ವಾಸನೆ ಇಲ್ಲ. ಕೆಂಡದಿಂದ ಒಂದು ವಿಷದ ಗಾಳಿ ಬರ್ತದೆ, ಕಾರ್ಬನ್ ಮೊನಾಕ್ಸೈಡ್ ಅಂತ. ಕೋಣೆ ಮುಚ್ಚಿದ್ರೆ ಅದು ಅಲ್ಲೇ ತುಂಬ್ತದೆ. ನಿದ್ದೆ ಬಂದ ಹಾಗೆ ಆಗ್ತದೆ, ಮತ್ತೆ ಏಳ್ಲಿಕ್ಕಿಲ್ಲ."

"ಊರಲ್ಲಿ ಬಾಣಂತಿ ಕೋಣೆಯಲ್ಲಿ ಕೆಂಡ ಇಡೂದಿಲ್ವಾ? ನನ್ನ ಅಮ್ಮ ನಮ್ಮನ್ನೆಲ್ಲ ಹೆತ್ತದ್ದು ಅದೇ ಕೆಂಡದ ಬದಿಯಲ್ಲಿ. ನಾವೇನು ಸತ್ತೆವಾ?"

"ನಿಮ್ಮ ಅಮ್ಮನ ಮನೆ ಹಂಚಿನದ್ದು ಅಣ್ಣ. ಹಂಚಿನ ಸಂದಿಯಲ್ಲಿ ಗಾಳಿ ಹೋಗಿ ಬರ್ತದೆ, ಮಳೆಗಾಲದಲ್ಲಿ ನೀರೂ ಬರ್ತದೆ. ಇದು ಕಾಂಕ್ರೀಟಿನ ಡಬ್ಬ. ಇದ್ದ ಒಂದು ಸಂದಿಗೂ ನೀವು ಪೇಪರ್ ತುರುಕಿದ್ದೀರಿ."

ಸಲ್ವಾದೋರ್ ಕಿಟಕಿ ತೆರೆದ. ಡೊರೊತಿ ಗೇಟು ದಾಟಿದ್ದೇ ತಡ, ಮತ್ತೆ ಮುಚ್ಚಿದ. "ನರ್ಸಮ್ಮನಿಗೆ ಎಲ್ಲದರಲ್ಲೂ ಕಾಯಿಲೆಯೇ ಕಾಣ್ತದೆ" ಎಂದ. ಪೆಟ್ರೊನಿಲ್ಲಾ ಕಂಬಳಿಯನ್ನು ಮತ್ತೆ ಬಾಗಿಲಿನ ಅಡಿಗೆ ಒತ್ತಿದಳು. ಕಿಟಕಿಯಿಂದ ಬಂದ ಗಾಳಿಗೆ ಅವಳಿಗೂ ಹಲ್ಲು ಕಟಕಟ ಎನ್ನುತ್ತಿತ್ತು. ಎಲ್ಲವನ್ನೂ ಕೆದಕಿ ಕೇಳುವ ಹೆಂಗಸು ಅಂದು ಯಾಕೆ ಬಾಯಿಗೆ ಬೀಗ ಹಾಕಿಕೊಂಡಳೋ.

ಮರುದಿನ ಶುಕ್ರವಾರ. ರಜೆ. ಹೊರಗೆ ಮಂಜು, ಜಿಟಿಜಿಟಿ ಮಳೆ. ಮೀನಿನ ಸಾರು, ಅನ್ನ ಉಂಡು ಸಲ್ವಾದೋರ್ ಕೆಂಡದೊಲೆಯನ್ನು ಮಂಚದ ಪಕ್ಕ ಇಟ್ಟು, ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ. ಪೆಟ್ರೊನಿಲ್ಲಾ ಅಂಗಳದಾಚೆಯ ಅಡಿಗೆಕೋಣೆಯಲ್ಲಿ ಪಾತ್ರೆ ತೊಳೆದು, ಬಟ್ಟೆ ಹಿಂಡಿ, ಸಾವಕಾಶವಾಗಿ ಬಂದಳು. ಚಿಲಕ ಹಾಕಿ, ಕಂಬಳಿ ಒತ್ತಿ, ತಾನೂ ಅಡ್ಡಾದಳು. ಜೆಮ್‌ಜೆಮ್ ಕಾಫಿಗೆ ಬರಹೇಳಿದ್ದಳು. ಒಂದು ಸಣ್ಣ ನಿದ್ದೆ ಮಾಡಿ ಹೋಗೋಣ.

ಬಾಗಿಲು ಬಡಿಯುವ ಸದ್ದಿಗೆ ಅವಳಿಗೆ ಎಚ್ಚರವಾಯಿತು. "ಉಖ್ತಿ, ಕಾಫಿ ಆರುತ್ತಿದೆ." ಬಂದೆ ಎನ್ನಲು ಹೋದರೆ ನಾಲಿಗೆ ಹೊರಳಲಿಲ್ಲ. ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಏಳಬೇಕು ಎಂದುಕೊಂಡಳು, ಕಾಲುಗಳು ಬೇರೆ ಯಾರದೋ ಕಾಲುಗಳಂತೆ ಬಿದ್ದುಕೊಂಡಿದ್ದವು. ಇದೆಂತ ವಿಚಿತ್ರ ಎಂದು ಆ ಹೊತ್ತಿನಲ್ಲೂ ಅವಳಿಗೆ ಕುತೂಹಲವೇ ಆಯಿತು. ಆಮೇಲೆ ಪಕ್ಕಕ್ಕೆ ಕೈ ಚಾಚಿ ಮಗುವನ್ನು ಅಲುಗಿಸಿದಳು. ಮಗು ಏಳಲಿಲ್ಲ. ಗಂಡನನ್ನು ನೂಕಿದಳು. ಅವನೂ ಏಳಲಿಲ್ಲ.

ಡೊರೊತಿ ಹೇಳಿದ ಮಾತು ಆಗ ನೆನಪಾಯಿತು. ಭಯ ಅವಳನ್ನು ಮಂಚದಿಂದ ಕೆಳಕ್ಕೆ ಉರುಳಿಸಿತು. ತೆವಳಿಕೊಂಡು ಬಾಗಿಲಿಗೆ ಹೋದಳು. ಹೊರಗೆ ಈಗ ಬಡಿತ ಜೋರಾಗಿತ್ತು, ನಾಲ್ಕಾರು ದನಿಗಳು ಕೇಳುತ್ತಿದ್ದವು. ತಾನು ಕರೆದವಳು ಬಂದಿಲ್ಲ, ಜೆಮ್‌ಜೆಮ್ ಹಿಂದಿರುಗುವವಳೇ? ಪೆಟ್ರೊನಿಲ್ಲಾ ಕಂಬಳಿಯನ್ನು ಎಳೆದುಹಾಕಿ, ಬಾಗಿಲನ್ನು ಹಿಡಿದು ಎದ್ದು, ಚಿಲಕ ಜಾರಿಸಿ ಅಲ್ಲಿಯೇ ಕುಸಿದಳು.

ಬಾಗಿಲು ತೆರೆದುಕೊಂಡಿತು. ಜೆಮ್‌ಜೆಮ್ ಒಲೆಯನ್ನು ನೋಡಿದಳು, ಕೂಗಿದಳು. ಹೆಂಗಸರು ಕೈಗೆ ಸಿಕ್ಕವರನ್ನು ಎಳೆದು ಮಳೆಗೇ ತಂದರು. ಇದ್ರಿಸ್ ಕೆಂಡವನ್ನು ಅಂಗಳಕ್ಕೆ ಎಸೆದು ಕಿಟಕಿ ತೆರೆದ. ಹಸುಗೂಸನ್ನು ಮಳೆಯಲ್ಲಿ ಹಿಡಿಯುತ್ತಾರಾ ಎಂದು ಪೆಟ್ರೊನಿಲ್ಲಾಳಿಗೆ ಅನ್ನಿಸಿತು, ಹೇಳಲು ಶಕ್ತಿಯಿರಲಿಲ್ಲ. ಜೆಮ್‌ಜೆಮ್ ಬ್ಲಾಂಚಳ ಬೆನ್ನು ತಿಕ್ಕುತ್ತಿದ್ದಳು, ತನ್ನ ಭಾಷೆಯಲ್ಲಿ ಏನೋ ಬೇಡುತ್ತಿದ್ದಳು. ಮಗು ಒಮ್ಮೆ ಬಿಕ್ಕಿತು. ಆಮೇಲೆ ಅತ್ತಿತು. ಇಡೀ ಚಳಿಗಾಲದಲ್ಲಿ ಆ ಮಗು ಅಷ್ಟು ಜೋರಾಗಿ ಅತ್ತಿರಲಿಲ್ಲ. ಅಷ್ಟು ಇಂಪಾದ ಸದ್ದನ್ನು ಅದರ ತಾಯಿಯೂ ಕೇಳಿರಲಿಲ್ಲ.

ಇದ್ರಿಸನ ಪಿಕಪ್ಪಿನಲ್ಲಿ ಮೂವರೂ ಆಸ್ಪತ್ರೆ ಸೇರಿದರು. ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದರು. ಸಲ್ವಾದೋರ್ ಕಣ್ಣು ಬಿಟ್ಟಾಗ ಎದುರಿಗೆ ಡೊರೊತಿ ನಿಂತಿದ್ದಳು.

"ಹೊಗೆ ಇರ್ಲಿಲ್ಲ" ಎಂದ ಅವನು, ಮೆಲ್ಲಗೆ.

"ಇರ್ಲಿಲ್ಲ ಅಣ್ಣ. ಇನ್ನು ಸ್ವಲ್ಪ ತಡ ಆಗಿದ್ರೆ ನೀವೂ ಇರ್ತಿರ್ಲಿಲ್ಲ." ಹೇಳಿ ಅವಳು ಅತ್ತುಬಿಟ್ಟಳು.

ಮೂವರೂ ಮನೆಗೆ ಬಂದ ದಿನ ಜೆಮ್‌ಜೆಮ್ ತಲೆ ತಗ್ಗಿಸಿಕೊಂಡು ಬಂದು, ಒಲೆಯನ್ನು ವಾಪಸು ಕೊಡು ಎಂದಳು. "ನಮ್ಮ ಅಜ್ಜಿ ಹೇಳುತ್ತಿದ್ದಳು, ಕೆಂಡಕ್ಕೂ ಉಸಿರು ಬೇಕು, ಬಾಗಿಲು ಹಾಕಿದರೆ ಅದು ನಿನ್ನ ಉಸಿರು ಕುಡಿಯುತ್ತದೆ ಅಂತ. ನಾನು ಅದನ್ನು ನಿನಗೆ ಹೇಳಲಿಲ್ಲ. ಬಾಗಿಲು ಹಾಕುವವರೂ ಇದ್ದಾರೆ ಅಂತ ನನಗೇನು ಗೊತ್ತು?"

"ಬಾಗಿಲು ಯಾಕೆ ತೆರೆದಿಡೂದು ಅಂತ ನಾನೂ ಪೂರ್ತಿ ಕೇಳ್ಲಿಲ್ಲ. ನೀನು ಹೇಳಿದ ಅರ್ಧಕ್ಕೇ ಸಾಕು ಅಂತ ಬಂದೆ" ಎಂದಳು ಪೆಟ್ರೊನಿಲ್ಲಾ. "ಒಲೆ ಇಲ್ಲೇ ಇರ್ಲಿ, ಅಂಗಳದಲ್ಲಿ."

ಸಲ್ವಾದೋರ್ ಕಿಟಕಿಯ ಸಂದಿಯಿಂದ ಪೇಪರ್ ಕಿತ್ತ. ಪೇಟೆಗೆ ಹೋಗಿ ದಪ್ಪ ಕಂಬಳಿಗಳನ್ನೂ ಎಲ್ಲರಿಗೂ ಸ್ವೆಟರುಗಳನ್ನೂ ತಂದ. ಮುಂದಿನ ಚಳಿಗಾಲದಲ್ಲಿ ಶುಕ್ರವಾರದ ಕಾಫಿ ಒಮ್ಮೆ ಪೆಟ್ರೊನಿಲ್ಲಾಳ ಕೋಣೆಯಲ್ಲೇ ನಡೆಯಿತು. ಒಲೆ ಅಂಗಳದ ಜಗಲಿಯಲ್ಲಿ. ಭಟ್ಕಳದಿಂದ ಹೊಸದಾಗಿ ಬಂದಿದ್ದ ಸಾಲೆಹಾ ಚಳಿಗೆ ನಡುಗುತ್ತ, ಒಲೆ ಒಳಗೆ ತಂದು ಬಾಗಿಲು ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದಳು. ಬಾಗಿಲ ಬಳಿಯೇ ಸ್ವೆಟರ್ ಹಾಕಿ ಕೂತಿದ್ದ ಸಲ್ವಾದೋರ್ ಬ್ಲಾಂಚಳನ್ನು ತೊಡೆಗೆ ಎಳೆದುಕೊಂಡ.

"ಆಗ್ಲಿಕ್ಕಿಲ್ಲ ಅಮ್ಮ. ಕೂತ್ಕೊಳ್ಳಿ, ಯಾಕೆ ಅಂತ ನಾನು ಹೇಳ್ತೇನೆ. ಪೂರ್ತಿ ಹೇಳ್ತೇನೆ."

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಖಮೀಸ್ ದೂರ ಎನ್ನಬೇಡಿ. ನಮ್ಮ ಊರಿನಲ್ಲೂ ಹಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಬಂದಿವೆ. ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಕಿಟಕಿ ಮುಚ್ಚುವ ಅಭ್ಯಾಸ ಮಾತ್ರ ಹಾಗೆಯೇ ಇದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಮಜ್ಜಿಗೆ, ಲಿಂಬೆಹಣ್ಣು ಎಂದು ಹೊತ್ತು ಕಳೆಯಬೇಡಿ. ಮೊದಲು ಎಲ್ಲರನ್ನೂ ಹೊರಗೆ ಗಾಳಿಗೆ ತನ್ನಿ, ಕೂಡಲೇ ಆಸ್ಪತ್ರೆಗೆ ಹೋಗಿ. ಚಳಿಯಾದರೆ ಇನ್ನೊಂದು ಕಂಬಳಿ ಹೊದೆಯಿರಿ.

ಇನ್ನೊಂದು ಮಾತು. ಬರುತ್ತೇನೆಂದ ನೆರೆಮನೆಯವರು ಬಾರದಿದ್ದರೆ ಮುನಿಸಿಕೊಂಡು ಕೂರಬೇಡಿ. ಎದ್ದು ಹೋಗಿ ಬಾಗಿಲು ಬಡಿಯಿರಿ. ತೆರೆಯುವವರೆಗೆ ಬಡಿಯಿರಿ.